ಸೋದರತ್ತೆ ತಂದ ಹೆಸರು

ನನ್ನ ಬಾಯಿಗೆ ಬೀಗ ಇಲ್ಲ ಅಂತ ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಹೇಳಲಿ ಬಿಡಿ. ಡಲ್ಲಾಸಿನಲ್ಲಿ ಅರ್ಧ ಆಯುಷ್ಯ ಹೆರಿಗೆ ಡಾಕ್ಟರಾಗಿ ದುಡಿದವಳು ನಾನು, ಬಾಯಿ ಇಲ್ಲದಿದ್ದರೆ ಆ ಲೇಬರ್ ರೂಮಿನಲ್ಲಿ ನನ್ನ ಮಾತನ್ನು ಯಾರು ಕೇಳುತ್ತಿದ್ದರು? ಆದರೆ ಮಗಳ ಮದುವೆಯಲ್ಲಿ ಆಡಿದ ಒಂದು ಮಾತು ಮಾತ್ರ ನನ್ನ ಕೊರಳಿಗೇ ಸುತ್ತಿಕೊಂಡಿತು.

ಮದುವೆ ಆದದ್ದು ಆಸ್ಟಿನ್‌ನಲ್ಲಿ. ಅಳಿಯ ವೇಲ್ಸ್ ದೇಶದವನು, ಹ್ಯೂಸ್ಟನ್ನಿನಲ್ಲಿ ತೈಲದ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನ ಕಡೆಯಿಂದ ಅಷ್ಟು ದೂರ ಹಾರಿ ಬಂದವರಲ್ಲಿ ಅವನ ಅಕ್ಕನೂ ಇದ್ದಳು, ಅಲ್ಲಿ ಯಾವುದೋ ಸಣ್ಣ ಊರಿನ ಶಾಲೆಯಲ್ಲಿ ಟೀಚರ್. ಅವಳಿಗೆ ನನ್ನ ಇಳಕಲ್ ಸೀರೆ ಉಡಿಸುತ್ತಿದ್ದೆ. ನೆರಿಗೆ ಹಿಡಿಯುವಾಗ ಖುಷಿಯಲ್ಲಿ ಇಂಗ್ಲಿಷಿನಲ್ಲಿ ಅಂದುಬಿಟ್ಟೆ: "ನಮ್ಮ ಧಾರವಾಡದ ಕಡೆ ವರನ ಅಕ್ಕ ಅಂದರೆ ದೊಡ್ಡ ಮರ್ಯಾದೆ. ನಾಳೆ ಇವರಿಗೆ ಮಗುವಾದರೆ ಹೆಸರಿಡುವವಳು ನೀನೇ. ಅದು ಸೋದರತ್ತೆಯ ಹಕ್ಕು."

"ನಿಜವಾಗಿಯೂ?" ಅಂದಳು.

"ಮತ್ತೆ! ಯಾರೂ ತಪ್ಪಿಸೋ ಹಾಗಿಲ್ಲ."

ಧಾರವಾಡದ ಯಾವ ಹೆಣ್ಣುಮಗಳಿಗೆ ಬೇಕಾದರೂ ಈ ಮಾತಿನ ತೂಕ ಗೊತ್ತು. ಹೆಸರು ಗೊತ್ತು ಮಾಡುವುದು ಮನೆಯ ಹಿರಿಯರು. ನಕ್ಷತ್ರ ನೋಡಿ, ಜಗಳಾಡಿ, ಒಬ್ಬರಿಗೊಬ್ಬರು ಮುಖ ಊದಿಸಿಕೊಂಡು, ಕೊನೆಗೆ ಒಂದು ಹೆಸರು ಆರಿಸಿ ಸೋದರತ್ತೆಗೆ ಹೇಳಿಕೊಡುತ್ತಾರೆ. ಆಕೆ ಅದನ್ನು ಕೂಸಿನ ಕಿವಿಯಲ್ಲಿ ಹೇಳಿ ಒಂದು ಸೀರೆ ತೆಗೆದುಕೊಂಡು ಹೋಗುತ್ತಾಳೆ. ಬಂದವರಿಗೆ 'ಇದು ನಿಮ್ಮದೇ ಮನೆ ಅಂತ ತಿಳೀರಿ' ಅನ್ನುತ್ತೇವಲ್ಲ, ಹಾಗೆ. ಅಂದ ಮಾತ್ರಕ್ಕೆ ಯಾರಾದರೂ ಮನೆ ಮಾರಲು ಹೊರಡುತ್ತಾರೆಯೇ?

ಇವಳು ಹೊರಟಳು.

ಮೂರು ವರ್ಷದ ಮೇಲೆ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ, ಮೊಮ್ಮಗಳು ಹುಟ್ಟಿದಳು. ನನ್ನ ಹತ್ತಿರ ಹೆಸರು ತಯಾರಿತ್ತು. ನಮ್ಮ ತವರಿನ ಮನೆದೇವಿಯ ಹೆಸರು. ನಮ್ಮಲ್ಲಿ ತಲೆಮಾರಿಗೊಬ್ಬ ಹುಡುಗಿಗೆ ಅದನ್ನು ಇಡುತ್ತ ಬಂದಿದ್ದಾರೆ. ನನ್ನ ಮಗಳಿಗೇ ಇಡಬೇಕಿತ್ತು. ಆಗ ನಮ್ಮ ಅತ್ತೆಯವರು ತಮಗೆ ಬೇಕಾದ ಹೆಸರಿಟ್ಟರು, ನಾನು ಹೊಸ ಸೊಸೆ, ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅಂದಿನಿಂದ ಕಾದು ಕುಳಿತವಳು ನಾನು. ಈ ಸಲವೂ ತಪ್ಪಿದರೆ ಆ ಹೆಸರು ನಮ್ಮ ಪಾಲಿಗೆ ಮುಗಿದಂತೆಯೇ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಗಳು ಫೋನ್ ಮಾಡಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಇದು ನಮ್ಮ ಸಂಪ್ರದಾಯ.

"ಅಮ್ಮ, ಹೆಸರು ಬಂತು. ಕ್ಯಾರಿಸ್."

"ಎಲ್ಲಿಂದ ಬಂತವಾ?"

"ವೇಲ್ಸಿನಿಂದ. ಅತ್ತಿಗೆ ಆರಿಸಿದ್ದು. ನಾಮಕರಣಕ್ಕೆ ಟಿಕೆಟ್ಟೂ ತಗೊಂಡಿದ್ದಾರೆ."

"ಅಯ್ಯ ಶಿವನೇ! ನಾ ಅವತ್ತ ಮರ್ಯಾದಿಗೆ ಅಂದದ್ದು. ಅಷ್ಟೂ ತಿಳಿಯಂಗಿಲ್ಲೇನು?"

"ಅವರಿಗೆ ಹೇಗೆ ತಿಳಿಯಬೇಕು? ಹಕ್ಕು ಅಂದವಳು ನೀನು. ವಾಪಸ್ ತಗೋಬೇಕಾದರೆ ನೀನೇ ಹೇಳು. ನಾವು ಹೇಳಲ್ಲ."

ಫೋನ್ ಇಟ್ಟಳು. ನನ್ನ ಮಗಳೇ ಹೌದು, ಸಂಶಯವಿಲ್ಲ.

ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನ ನಮ್ಮ ಮನೆಯಿಂದ ಕಡಲೆ, ಬೆಲ್ಲ, ಎಲೆ ಅಡಿಕೆ ಎಲ್ಲ ಕಾರಿಗೆ ತುಂಬಿಕೊಂಡು ಹೊರಟೆವು. ದಾರಿಯುದ್ದಕ್ಕೂ ನಾನು ಹೇಗೆ ಹೇಳಬೇಕು ಅಂತ ತಾಲೀಮು ಮಾಡಿದೆ. ನಮ್ಮ ಮನೆಯವರು ಡ್ರೈವ್ ಮಾಡುತ್ತಿದ್ದರು. ಅರ್ಧ ದಾರಿಯಲ್ಲಿ, ಗ್ಯಾಸ್ ಹಾಕಿಸಲು ನಿಂತಾಗ, ತಮ್ಮ ಪರಿಹಾರ ಹೊರತೆಗೆದರು.

"ಅಳಿಯನ್ನ ಕೇಳೀನಿ. ಕ್ಯಾರಿಸ್ ಅಂದ್ರ ಪ್ರೀತಿ ಅಂತ ಅರ್ಥ. ನಾವು ಪ್ರೀತಿ ಅಂತ ಕರೆಯೋಣು. ಮುಗೀತು."

"ಏನ್ರೀ ಮುಗೀತು? ನನ್ನ ಮೆಡಿಕಲ್ ಕಾಲೇಜಿನ್ಯಾಗ ಬೆಂಚಿಗೊಬ್ಬಾಕಿ ಪ್ರೀತಿ ಇದ್ಲು. ಕೂಸಿನ ಹೆಸರು ಅನುವಾದ ಮಾಡಾಕ ಅದೇನು ಪಠ್ಯಪುಸ್ತಕಾ?"

"ಹಂಗಂದ್ರ ಕ್ಯಾರಿಸ್ ಅನ್ನು."

"ನಾ ಯಾಕ ಅನ್ಲಿ?"

ಅವರು ಕಾರಿನ ಗಾಜು ಒರೆಸತೊಡಗಿದರು, ಜಾಣರು.

ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಆ ಹೆಸರನ್ನು ಎಷ್ಟು ಸಲ ಅಂದುಕೊಂಡರೂ ನನ್ನವರು ಯಾರೂ ನೆನಪಿಗೆ ಬರುತ್ತಿರಲಿಲ್ಲ. ಆ ಹೆಸರಿನ ಹುಡುಗಿ ನನ್ನ ಮೊಮ್ಮಗಳು ಅಂತ ನನಗೆ ಅನ್ನಿಸದೇ ಹೋದರೆ?

ಕೇಟಿ ಮುಟ್ಟಿದಾಗ ಅಳಿಯನ ಅಕ್ಕ ಬಾಗಿಲಲ್ಲೇ ಇದ್ದಳು. ಅಪ್ಪಿಕೊಂಡಳು. ಕೂಸು ನನ್ನ ಕೈಗೆ ಬಂತು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. "ಬಂಗಾರಾ" ಅಂದೆ, "ನನ್ನ ಪುಟ್ಟವ್ವಾ" ಅಂದೆ, "ಗುಂಡವ್ವಾ" ಅಂದೆ. ಮಗಳು ನೋಡುತ್ತಿದ್ದಳು.

ನಾಮಕರಣಕ್ಕೆ ಇನ್ನೂ ಎರಡು ದಿನ ಇತ್ತು. ಅದರ ಹಿಂದಿನ ಮಧ್ಯಾಹ್ನ, ಬಂದವರಿಗೆ ಹಂಚಲು ಬೇಯಿಸುವ ಗುಗ್ಗರಿಗೆ ಕಡಲೆ ಆರಿಸಲು ಕುಳಿತಾಗ ಅಳಿಯನ ಅಕ್ಕನೂ ಬಂದು ಪಕ್ಕದಲ್ಲಿ ಕುಳಿತಳು. ಅಡುಗೆಮನೆಯಲ್ಲಿ ನಾವಿಬ್ಬರೇ. ಇದೇ ಸಮಯ ಅಂದುಕೊಂಡೆ. ನೇರ ಹೇಳಿದರೆ ಒರಟಾಗುತ್ತದೆ ಅಂತ ಸುತ್ತಿ ಬಳಸಿ ಶುರುಮಾಡಿದೆ.

"ಈ ಹೆಸರು ನಿಮ್ಮ ಕಡೆ ತುಂಬ ಹಳೆಯದೇ?"

"ಅಷ್ಟೇನೂ ಅಲ್ಲ," ಅಂದಳು. "ನಮ್ಮ ಅಜ್ಜಿಯರ ಕಾಲದಲ್ಲಿ ಬಂದದ್ದು ಅಂತಾರೆ. ಅದಕ್ಕೆ ಪುರಾಣ ಇಲ್ಲ, ರಾಣಿ ಇಲ್ಲ. ನಮ್ಮ ಭಾಷೆಯಲ್ಲಿ 'ಕ್ಯಾರು' ಅಂದರೆ ಪ್ರೀತಿಸು. ಅದಕ್ಕೆ ಹೆಣ್ಣುಮಕ್ಕಳ ಹೆಸರಿಗೆ ಬರುವ ಒಂದು ಬಾಲ ಅಂಟಿಸಿದರು. ಆ ಬೇರಿನದೇ ಇನ್ನೊಂದು ಮಾತು 'ಕ್ಯಾರಿಯಾಡ್'. ಅದನ್ನು ಮಕ್ಕಳಿಗೂ ಅನ್ನುತ್ತೇವೆ, ಗಂಡನಿಗೂ ಅನ್ನುತ್ತೇವೆ, ಅಂಗಡಿಯವಳು ಗುರುತಿಲ್ಲದ ಗಿರಾಕಿಗೂ ಅನ್ನುತ್ತಾಳೆ. ನೀವು ನಿನ್ನೆ ಮಗುವಿಗೆ ಅದೇನೋ ಅನ್ನುತ್ತಿದ್ದಿರಲ್ಲ, ಬಂಗಾರಾ, ಹಾಗೆ."

"ಅಲ್ಲಿ ಇಡುತ್ತಾರೆಯೇ ಈ ಹೆಸರು?"

"ನನ್ನ ಶಾಲೆಯಲ್ಲಿ ವರ್ಷಕ್ಕೊಬ್ಬಳಾದರೂ ಇರುತ್ತಾಳೆ." ಕಡಲೆಯಲ್ಲಿ ಕಲ್ಲು ಹುಡುಕುತ್ತಲೇ ಮುಂದುವರಿಸಿದಳು. "ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರು ನನಗೆ ಕಷ್ಟವಾಗುತ್ತಿತ್ತು. ನನಗೆ ಹುಡುಗಿ ಹುಟ್ಟಿದರೆ ಅಂತ ಇಟ್ಟುಕೊಂಡಿದ್ದ ಹೆಸರು. ಬಸಿರು ನಿಲ್ಲುತ್ತಿತ್ತು, ಹೋಗುತ್ತಿತ್ತು. ನೀವು ಡಾಕ್ಟರು, ನಿಮಗೆ ಗೊತ್ತಿರುತ್ತದೆ. ಆಮೇಲೆ ನಾನೂ ಗಂಡನೂ ಇನ್ನು ಸಾಕು ಅಂದೆವು. ಇದೆಲ್ಲ ಆಗಿ ಕೆಲವೇ ತಿಂಗಳಿಗೆ ತಮ್ಮನ ಮದುವೆ. ನೀವು ಸೀರೆ ಉಡಿಸುತ್ತ ನನಗೊಂದು ಮಗುವಿಗೆ ಹೆಸರಿಡುವ ಹಕ್ಕು ಇದೆ ಅಂದಿರಿ. ಅಷ್ಟು ಒಳ್ಳೆಯ ಮಾತು ನನಗೆ ಯಾರೂ ಹೇಳಿರಲಿಲ್ಲ."

ಹೌದು, ನನಗೆ ಗೊತ್ತಿತ್ತು. ಅಂಥ ಎಷ್ಟು ಹೆಂಗಸರ ಮಂಚದ ಪಕ್ಕ ಕೂತಿದ್ದೇನೆ, 'ಇನ್ನೊಮ್ಮೆ ನೋಡೋಣ' ಅಂತ ಧೈರ್ಯ ಹೇಳಿ ಮುಂದಿನ ಪೇಷೆಂಟ್ ಕಡೆ ಹೋಗಿದ್ದೇನೆ. ಆಮೇಲೆ ಅವರು ಆರಿಸಿಟ್ಟ ಹೆಸರುಗಳು ಏನಾಗುತ್ತವೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅತ್ತೆಯವರು ನನ್ನಿಂದ ಹೆಸರು ಕಿತ್ತುಕೊಂಡರು ಅಂತ ಜನ್ಮವಿಡೀ ಉರಿದವಳು ನಾನು. ನಾನು ಕಳಕೊಂಡದ್ದು ಹೆಸರನ್ನು. ಮಗಳು ನನ್ನ ಕೈಯಲ್ಲೇ ಇದ್ದಳು.

ತಾಲೀಮು ಮಾಡಿದ ಮಾತೆಲ್ಲ ಅಲ್ಲಿಗೇ ಬಿಟ್ಟೆ. "ಕಡಲೆ ನೆನೆ ಹಾಕೋಣ, ಹೊತ್ತಾಯಿತು," ಅಂದು ಎದ್ದೆ.

ಮರುದಿನ ಹತ್ತಿರದ ಮನೆಗಳ ನಮ್ಮ ಕನ್ನಡದ ಹೆಣ್ಣುಮಕ್ಕಳು ಬಂದರು. ಜೊತೆಗೆ ತೊಟ್ಟಿಲೂ ಬಂತು. ಯಾರು ಕೊಂಡದ್ದೋ ಯಾರಿಗೂ ನೆನಪಿಲ್ಲ, ಹ್ಯೂಸ್ಟನ್ನಿನ ಮನೆಮನೆ ಸುತ್ತುವ ಮರದ ತೊಟ್ಟಿಲು ಅದು. ಕೂಸನ್ನು ಮಲಗಿಸಿದೆವು. ಸೋದರತ್ತೆಯನ್ನು ಮುಂದೆ ಕರೆದು, 'ಕುರ್‌ರ್' ಅಂತ ಕಿವಿಯಲ್ಲಿ ಊದಿ ಹೆಸರು ಹೇಳಬೇಕು ಅಂತ ನಾನೇ ಹೇಳಿಕೊಟ್ಟೆ. ಆಮೇಲಿನದನ್ನು ಹೇಳಲಿಲ್ಲ. ಹೇಳಿಬಿಟ್ಟರೆ ಮಜಾ ಎಲ್ಲಿ?

ಅವಳು ಬಗ್ಗಿದಳು. ಕುರ್‌ರ್ ಅಂದಳು. "ಕ್ಯಾರಿಸ್" ಅಂದಳು. ಆ ಕ್ಷಣವೇ ಹಿಂದಿದ್ದವರೆಲ್ಲ ಸೇರಿ ಅವಳ ಬೆನ್ನಿಗೆ ದಬದಬ ಗುದ್ದಿದರು. ಹೆಸರಿಟ್ಟ ಸೋದರತ್ತೆಗೆ ನಮ್ಮ ಕಡೆ ಸಿಗುವ ಬಹುಮಾನ ಅದೇ. ಅವಳು ಹೌಹಾರಿ ತಿರುಗಿದಳು, ಎಲ್ಲರೂ ನಗುವುದನ್ನು ಕಂಡು ತಾನೂ ನಕ್ಕಳು, ನಗುತ್ತಲೇ ಅತ್ತುಬಿಟ್ಟಳು. "ಜೋರಾಗಿ ಬಿತ್ತೇನ್ರೀ?" ಅಂತ ಒಬ್ಬಾಕೆ ಗಾಬರಿಯಾದಳು. ಮಗಳು ಅತ್ತಿಗೆಯ ಕಣ್ಣು ಒರೆಸುತ್ತ ಅದೇನೋ ಪಿಸುಗುಟ್ಟಿದಳು.

ಸೋದರತ್ತೆ ಸೀದಾ ನನ್ನ ಹತ್ತಿರ ಬಂದು ಕೈ ಹಿಡಿದಳು. "ನಿಮ್ಮ ಹತ್ತಿರವೂ ಒಂದು ಹೆಸರಿದೆಯಂತೆ. ನನಗೆ ಯಾಕೆ ಹೇಳಲಿಲ್ಲ? ಎರಡು ಹೆಸರು ಇಡಬಹುದಂತೆ. ಬನ್ನಿ, ಹೇಳಿ."

ಹೌದು, ನಮ್ಮಲ್ಲಿ ಎರಡಲ್ಲ, ನಾಲ್ಕು ಹೆಸರು ಬೇಕಾದರೂ ಹೇಳುತ್ತಾರೆ. ನಾನು ತೊಟ್ಟಿಲ ಮೇಲೆ ಬಗ್ಗಿದೆ. ಇಷ್ಟು ವರ್ಷ ಕಾಪಾಡಿದ ಹೆಸರು ನಾಲಗೆಯ ತುದಿಯಲ್ಲೇ ಇತ್ತು. ಕೂಸು ಬಾಯಿ ಅಗಲ ತೆರೆದು ಆಕಳಿಸಿತು. ನಾಳಿದ್ದು ಈ ಅತ್ತೆ ವಿಮಾನ ಹತ್ತಿ ಹೋಗುತ್ತಾಳೆ, ಇಲ್ಲಿ ಉಳಿಯುವವಳು ನಾನು. ಒಮ್ಮೆ ಬೇರೆ ಹೆಸರು ಹೇಳಿದರೆ ನನ್ನ ಬಾಯಿ ಆಮೇಲೆ ಅದನ್ನು ಬಿಡುವುದಿಲ್ಲ ಅಂತ ನನಗೇ ಗೊತ್ತು. ಇವಳು ಇಟ್ಟ ಹೆಸರನ್ನು ಈ ಕಡೆ ದಿನಾ ಕರೆಯುವವರು ಬೇಡವೇ?

"ಕ್ಯಾರಿಸ್," ಅಂದೆ. ಎಷ್ಟು ಮೆತ್ತಗೆ ಬಂತು ಅಂದರೆ ನನಗೇ ಅಳು ಬಂತು.

"ಅಮ್ಮ, ಅದಲ್ಲ, ನಿನ್ನ ಹೆಸರು," ಅಂದಳು ಮಗಳು.

"ನಂದೂ ಇದ ಐತಿ. ಸಾಕು. ಬರ್ರೀ, ನನಗೂ ಗುದ್ರಿ!"

ನಾನು ಏನಂದೆ ಅಂತ ಅಳಿಯನ ಅಕ್ಕ ಕೇಳಿದಳು. ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಉಳಿದವರೆಲ್ಲ ಮನಸಾರೆ ಗುದ್ದಿದರು. ಅವಳೊಬ್ಬಳು ಗುದ್ದಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟಳು, ಎಲ್ಲರೂ ಗುಗ್ಗರಿಗೆ ಎದ್ದು ಹೋದ ಮೇಲೂ ತೆಗೆಯಲಿಲ್ಲ.