ರೊಟ್ಟಿ ತಿಂದ ನಾಯಿಗಳು

ಕಾಕಾನ ಬಲಗೈಯಲ್ಲಿ ಚರ್ಮಕ್ಕಿಂತ ಗಾಯದ ಕಲೆಗಳೇ ಹೆಚ್ಚಿದ್ದವು. ಮಣಿಕಟ್ಟಿನಿಂದ ಮೊಣಕೈವರೆಗೆ ಹಲ್ಲಿನ ಗುರುತುಗಳು. ಕೆಲವು ಹಳತಾಗಿ ಬೆಳ್ಳಗಾಗಿದ್ದವು, ಕೆಲವು ಇನ್ನೂ ಕಂದು. ಒಂದು ಕಡೆ ಮಾಂಸವೇ ಕಿತ್ತುಹೋಗಿ ಹೆಬ್ಬೆರಳು ಹಿಡಿಸುವಷ್ಟು ಗುಳಿ ಬಿದ್ದಿತ್ತು. ಲೈಬ್ರರಿಯ ರಿಜಿಸ್ಟರಿಗೆ ಸಹಿ ಹಾಕಲು ಅವರು ಆ ಕೈ ಚಾಚಿದಾಗ ನಾನು ಪೆನ್ನು ಕೊಡುವುದನ್ನೂ ಮರೆತು ನೋಡುತ್ತ ಕೂತಿದ್ದೆ.

"ಹನ್ನೊಂದು ನಾಯಿ ಅದಾವ್ರಿ ಇದರಾಗ. ಎಣಸೂದಿದ್ರ ಎಣಸ್ರಿ, ಅಕ್ಕೋರ" ಎಂದರು.

ನಾನು ಸಿದ್ದಾಪುರದ ಹತ್ತಿರ ಕೋಲಸಿರ್ಸಿಯವಳು. ಕಿರವತ್ತಿಯಿಂದ ಸ್ವಲ್ಪ ಒಳಗಿರುವ ಈ ಹಳ್ಳಿಗೆ ಬಂದದ್ದು ಲೈಬ್ರರಿ ನೋಡಿಕೊಳ್ಳುವ ಕೆಲಸಕ್ಕೆ. ಬಂದ ವಾರದಲ್ಲೇ ಕಾಕಾನ ಬಗ್ಗೆ ಕೇಳಿದ್ದೆ. ಅರವತ್ತು ದಾಟಿದ ರೈತ, ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಸುತ್ತಿನ ನಾಲ್ಕೈದು ಹಳ್ಳಿಗಳಲ್ಲಿ ಯಾವ ನಾಯಿಗೆ ಹುಚ್ಚು ಹಿಡಿದರೂ ಜನ ಅವರ ಮನೆ ಬಾಗಿಲಿಗೇ ಓಡುತ್ತಿದ್ದರು. ನಾಯಿ ಕೊಲ್ಲುವಂತಿಲ್ಲ ಎಂಬ ಕಾನೂನು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಕರೆಯುತ್ತಿದ್ದರು.

ಅವರ ಹತ್ತಿರ ಮತ್ತಿ ಮರದ ಒಂದು ದೊಣ್ಣೆ ಇತ್ತು. ಕಿವಿಯ ಹಿಂದೆ ಒಂದೇ ಪೆಟ್ಟು. ಎರಡನೆಯದು ಬೇಕಾದರೆ ಅದು ಹೊಡೆದವನ ನಾಚಿಕೆ ಎನ್ನುತ್ತಿದ್ದರು. ಹೊಡೆಯುವ ಮೊದಲು ಒಂದು ಪರೀಕ್ಷೆ. ಸೊಂಟದ ವಸ್ತ್ರದಲ್ಲಿ ಕಟ್ಟಿಕೊಂಡು ಬಂದ ರೊಟ್ಟಿಯ ಚೂರನ್ನು ನಾಯಿಯ ಮುಂದೆ ಎಸೆಯುವುದು, ಒಂದು ತಂಬಿಗೆ ನೀರು ಚೆಲ್ಲುವುದು. ತಿಂದು ಕುಡಿದರೆ ಹುಚ್ಚಿಲ್ಲ. ನೀರು ಕಂಡು ಹಿಂದೆ ಸರಿದರೆ ದೊಣ್ಣೆ. ಕೊಂದ ಮೇಲೆ ಉಪ್ಪು ಹಾಕಿ ಹೂಳಿ, ಸ್ನಾನ ಮಾಡಿ, ಆ ದಿನ ಉಪವಾಸ ಇರುತ್ತಿದ್ದರು. ಹನ್ನೊಂದು ಸಲ ಕಚ್ಚಿಸಿಕೊಂಡರೂ ಒಂದು ಸೂಜಿ ಚುಚ್ಚಿಸಿಕೊಂಡವರಲ್ಲ. ಚಿಕ್ಕವರಿದ್ದಾಗ ನಾಟಿ ಔಷಧಿ ಕೊಡುವ ಯಾವುದೋ ಮನೆತನದವರು ನಾಯಿ ವಿಷಕ್ಕೆಂದು ಬೇರು ಅರೆದು ಕುಡಿಸಿದ್ದರಂತೆ. ಒಮ್ಮೆ ಕುಡಿದರೆ ಸಾಯುವವರೆಗೆ ನಡೆಯುತ್ತದೆ ಎಂದು ಅವರೂ ನಂಬಿದ್ದರು, ಊರೂ ನಂಬಿತ್ತು. ಹನ್ನೊಂದು ನಾಯಿ ಕಚ್ಚಿಯೂ ಗುಂಡುಕಲ್ಲಿನ ಹಾಗೆ ಎದುರಿಗೆ ನಿಂತಿರುವ ಮನುಷ್ಯನಿಗೆ ಯಾರು ಬುದ್ಧಿ ಹೇಳುತ್ತಾರೆ?

ಲೈಬ್ರರಿಗೆ ಅವರು ಓದಲು ಬಂದವರೇ ಅಲ್ಲ. ಎದುರಿನ ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನು ನೆಟ್‌ವರ್ಕ್ ಇಲ್ಲದೆ ಸತ್ತು ಬಿದ್ದಿತ್ತು. ನೆರಳಿಗೆಂದು ಒಳಗೆ ಬಂದು ಬೆಂಚಿನ ಮೇಲೆ ಕೂತರು. ಮೇಜಿನ ಮೇಲೆ ಒಂದು ಕಾದಂಬರಿ ಇತ್ತು. ರಕ್ಷಾಪುಟದಲ್ಲಿ ಹಲ್ಲು ಕಿರಿದ ಕರಿನಾಯಿ.

ಆ ಪುಸ್ತಕಕ್ಕೆ ಆಗ ಊರಿನಲ್ಲಿ ಹುಚ್ಚೆದ್ದ ಬೇಡಿಕೆ. ಇದ್ದದ್ದು ಒಂದೇ ಪ್ರತಿ, ಮನೆಗೆ ಕೊಟ್ಟರೆ ವಾಪಸು ಬರುವ ಭರವಸೆ ಇಲ್ಲ. ಇಲ್ಲೇ ಕೂತು ಓದಿ ಎಂದಿದ್ದೆ. ಹಾಲಿನ ಡೈರಿಯ ಸೆಕ್ರೆಟರಿ, ಹೆದ್ದಾರಿಯ ಢಾಬಾದ ಅಡುಗೆಯವ, ಅಂಗನವಾಡಿ ಟೀಚರು, ಎಲ್ಲ ಪಾಳಿ ಹಚ್ಚಿ ಓದುತ್ತಿದ್ದರು. ಕತೆ ಇಷ್ಟು: ಒಬ್ಬ ಜಮೀನುದಾರ ಗಂಟಲು ಹರಿದು ಸತ್ತು ಬಿದ್ದಿದ್ದಾನೆ, ಪಕ್ಕದಲ್ಲಿ ಅವನದೇ ನಾಯಿ, ಬಾಯೆಲ್ಲ ರಕ್ತ. ಊರು ನಾಯಿಯನ್ನು ಕೊಲ್ಲಲು ಹೊರಡುತ್ತದೆ. ನಾಯಿ ತಪ್ಪಿಸಿಕೊಂಡು ಕಾಡು ಸೇರುತ್ತದೆ. ಆದರೆ ದಿನಾ ಮುಸ್ಸಂಜೆ ಒಂದೇ ಒಂದು ಮನೆಯ ಬಾಗಿಲಿಗೆ ಬಂದು ಕೂರುತ್ತದೆ. ಚಿಲಕ ತೆಗೆಯಬಲ್ಲ, ಹೊಳೆಯಾಚೆಯಿಂದ ಒಬ್ಬ ಮನುಷ್ಯನ ವಾಸನೆ ಹಿಡಿಯಬಲ್ಲ ನಾಯಿ ಅದು. ಕೊಂದದ್ದು ಅದೇಯೋ ಬೇರೆ ಯಾರೋ ಎನ್ನುವುದು ಕೊನೆಯ ಅಧ್ಯಾಯದವರೆಗೂ ಗೊತ್ತಾಗುವುದಿಲ್ಲ.

ಕಾಕಾ ಬೆರಳಿಟ್ಟು ಅಕ್ಷರ ಅಕ್ಷರ ಓದುವವರು. ದಿನಕ್ಕೆ ನಾಲ್ಕೈದು ಪುಟ. ಅರವತ್ತನೆಯ ಪುಟಕ್ಕೆ ಬಂದ ದಿನ ಪುಸ್ತಕವನ್ನು ಮೇಜಿಗೆ ಕುಕ್ಕಿದರು.

"ಇದು ಕಚ್ಚಿಲ್ರಿ. ಬರಕೊಡ್ತೇನಿ ಬೇಕಾದ್ರ. ಯಜಮಾನನ್ನ ಕೊಂದ ನಾಯಿ ಹೆಣದ ಬಾಜೂಕ ಕುಂದರೂದಿಲ್ಲ. ಬಾಲ ಮಡಚಿ ಓಡ್ತೈತಿ. ನಾ ಕಂಡೇನಿ."

"ಮುಂದೆ ಓದಿ ಕಾಕಾ" ಎಂದೆ.

"ಓದ್ತೇನಿ. ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ ನೋಡ್ರಿ."

ಅಲ್ಲಿಂದ ಓದುವವರಲ್ಲಿ ಎರಡು ಪಕ್ಷಗಳಾದವು. ನಾಯಿಯೇ ಕೊಂದಿದೆ ಎನ್ನುವವರು, ಅಲ್ಲ ಎನ್ನುವವರು. ಎರಡನೆಯ ಪಕ್ಷಕ್ಕೆ ನಾಯಿ ಕೊಲ್ಲುವ ಕಾಕಾನೇ ಮುಖಂಡ! ಚಹಾ ಅಂಗಡಿಯಲ್ಲಿ ಕೊರಳಪಟ್ಟಿ ಹಿಡಿಯುವವರೆಗೂ ಮಾತು ಹೋಗುತ್ತಿತ್ತು. ಒಂದು ದಿನ ಢಾಬಾದಲ್ಲಿ, ಪುಸ್ತಕವನ್ನು ಎಲ್ಲೋ ಓದಿಕೊಂಡಿದ್ದ ಲಾರಿ ಡ್ರೈವರೊಬ್ಬ, "ಕಡೀಗೆ ಏನಾಕ್ಕೈತಿ ಹೇಳ್ಲೇನು?" ಎಂದು ಬಾಯಿ ತೆರೆದ. ಕಾಕಾ ಕೈಯಲ್ಲಿದ್ದ ಗಾಜಿನ ಲೋಟವನ್ನು ಆ ಬಾಯಿಗೇ ಒತ್ತಿ ಗುದ್ದಿದರು. ಮುಂದಿನ ಎರಡು ಹಲ್ಲು ಚಹಾದ ಜೊತೆ ಟೇಬಲ್ಲಿನ ಮೇಲೆ ಬಿದ್ದವು. ತುಟಿ ಸೀಳಿ ಗದ್ದದವರೆಗೆ ಬಂದಿತ್ತು. ಊರ ಹಿರಿಯರು ಕೈಕಾಲು ಹಿಡಿದು ರಾಜಿ ಮಾಡಿಸಿದರು. ಮರುದಿನ ನಾನು ಬೈದೆ. "ಬಾಯಿ ತೆರದಿದ್ದ, ಮುಚ್ಚಿಸಿದ್ನಿ" ಎಂದು ಪುಟ ತಿರುಗಿಸಿದರು. ಆಮೇಲೆ ಆ ಕತೆಯ ಕೊನೆಯನ್ನು ಯಾರೂ ಯಾರಿಗೂ ಹೇಳಲಿಲ್ಲ.

ಆದರೆ ಪುಸ್ತಕ ಅವರನ್ನು ಒಳಗೆ ಕಚ್ಚುತ್ತಿತ್ತು. ಒಂದು ಮಧ್ಯಾಹ್ನ ಓದು ನಿಲ್ಲಿಸಿ, ಕಿಟಕಿಯಾಚೆ ನೋಡುತ್ತ ಹೇಳಿದರು.

"ರೊಟ್ಟಿ ತಿಂದ ನಾಯೀನೂ ಹೊಡದೇನಿ ನಾ, ಅಕ್ಕೋರ. ತಿಂತಿತ್ತು, ಬಾಲ ಅಲ್ಲಾಡಸ್ತಿತ್ತು. ಇದಕ್ಕ ಏನೂ ಆಗಿಲ್ರಿ ಅಂದ್ನಿ. ಮಂದಿ ಸುತ್ತಗಟ್ಟಿ, ಬಡಿ ಬಡಿ ಅಂದ್ರು. ಕರಿಸಿದ ಮ್ಯಾಲ ಹಂಗ ಹೆಂಗ ತಿರಗಿ ಹೋಗೂದು ಅಂತ ಹೊಡದ್ನಿ."

"ಎಷ್ಟು?" ಎಂದು ಕೇಳಿದೆ. ಕೇಳಬಾರದಿತ್ತು.

"ಕಚ್ಚಿದ್ವು ಕೈಮ್ಯಾಲೆ ಅದಾವು. ಕಚ್ಚದಿದ್ವು ಎಲ್ಲಿ ಬರಕೊಳ್ಳೂದು?"

ಅದಾದ ಮೇಲೆ ಎರಡು ಸಲ ಕರೆ ಬಂದಾಗ ರೊಟ್ಟಿ ತಿನ್ನಿಸಿ, ಜನರನ್ನು ಬೈದು, ನಾಯಿಯನ್ನು ಬಿಟ್ಟು ಬಂದರು. ಎರಡೂ ಬದುಕಿದವು. ಬಂದು ಆ ಸುದ್ದಿ ನನಗೆ ಹೇಳುವಾಗ ಮುಖದಲ್ಲಿ ಪರೀಕ್ಷೆ ಪಾಸಾದವರ ಕಳೆ ಇತ್ತು.

ಮೂರನೆಯದು ಗ್ಯಾರೇಜಿನ ಕಂದು ನಾಯಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಕರುವನ್ನೂ ಎರಡು ಆಡನ್ನೂ ಕಚ್ಚಿ ಲೈಬ್ರರಿಯ ಮುಂದಿನ ಬಯಲಿಗೆ ಬಂತು. ಹಿಂದೆ ಇಪ್ಪತ್ತು ಜನ, ಕೈಯಲ್ಲಿ ಕೋಲು, ಕಲ್ಲು, ಒಬ್ಬನ ಕೈಯಲ್ಲಿ ಹಾರೆ. ಯಾರೋ ಓಡಿ ಹೋಗಿ ದೊಣ್ಣೆ ತಂದುಕೊಟ್ಟರು. ಕಾಕಾ ಪುಸ್ತಕ ಮಡಚಿಟ್ಟು ಹೊರಗೆ ಬಂದು ಎಲ್ಲರಿಗೂ ನಿಲ್ಲಿ ಎಂದು ಕೈ ಮಾಡಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವರು ರೊಟ್ಟಿ ಎಸೆದರು. ನಾಯಿ ಮೂಸಿ ಬಾಯಲ್ಲಿ ಹಿಡಿಯಿತು.

"ತಿಂತ್ರಲೇ! ಬಿಡ್ರಿ ಅದನ್ನ! ಅದಕ್ಕೇನೂ ಆಗಿಲ್ಲ!"

ಆ ಕೂಗಿನಲ್ಲಿದ್ದ ಖುಷಿ ಇನ್ನೂ ನನ್ನ ಕಿವಿಯಲ್ಲಿದೆ. ನೀರು ಚೆಲ್ಲುವುದನ್ನು ಅವರು ಮರೆತರು. ಒಂದು ಜೀವ ಉಳಿಯಲಿ ಎನ್ನುವ ಆಸೆಗೆ ಅರ್ಧ ಪರೀಕ್ಷೆಯೇ ಸಾಕಾಯಿತು. ರೊಟ್ಟಿ ನಾಯಿಯ ಬಾಯಲ್ಲೇ ಇತ್ತು, ನುಂಗಲಿಲ್ಲ. ಜೊಲ್ಲಿನ ಜೊತೆ ಜಾರಿ ನೆಲಕ್ಕೆ ಬಿತ್ತು. ನಾನು ಅದನ್ನು ನೋಡುತ್ತಿದ್ದಂತೆಯೇ ನಾಯಿ ನೇರ ಮೆಟ್ಟಿಲು ಹಾರಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು.

ಹಲ್ಲು ಎಲುಬಿಗೆ ತಾಗಿದ ಸದ್ದು ನನಗೆ ಕೇಳಿಸಿತು. ದೊಣ್ಣೆ ಬೀಸಿದರೆ ನನ್ನ ಕಾಲೇ ಮುರಿಯುತ್ತಿತ್ತು. ಕಾಕಾ ದೊಣ್ಣೆ ಬಿಟ್ಟು ತಮ್ಮ ಬಲಗೈಯನ್ನು ಅದರ ದವಡೆಯ ಸಂದಿಗೆ ತುರುಕಿ ಮೀಟಿದರು, ಕಿತ್ತು ಕೆಳಗೆ ಕೆಡವಿ ಮಂಡಿಯಿಂದ ಅದುಮಿದರು. ಆಮೇಲೆ ದೊಣ್ಣೆ ಹಿಡಿದರು. ಒಂದೇ ಪೆಟ್ಟಿಗೆ ಹೆಸರಾದವರು ಅಂದು ಹೊಡೆಯುತ್ತಲೇ ಹೋದರು. ನಾಯಿ ಮೂರನೆಯ ಪೆಟ್ಟಿಗೇ ಸತ್ತಿತ್ತು. ತಲೆ ಎಂಬುದು ಉಳಿಯದೆ ಮಣ್ಣಿನಲ್ಲಿ ಕಲಸಿಹೋಗುವವರೆಗೂ ನಿಲ್ಲಿಸಲಿಲ್ಲ. ಬೈಯುತ್ತಿದ್ದದ್ದು ನಾಯಿಯನ್ನಲ್ಲ. "ಮುದಿಯಾ, ಕಣ್ಣು ಸೀದು ಹೋಗಿದ್ವೇನಲೇ ನಿಂದು" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಬಟ್ಟೆ ಸೋಪು ಹಚ್ಚಿ ನನ್ನ ಕಾಲನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು. ನಾನು ಕಿರುಚಿದರೂ ಬಿಡಲಿಲ್ಲ. ನೀವು ಬೇರು ಕುಡಿದವರಲ್ಲ, ನಿಮಗೆ ಆಸ್ಪತ್ರೆಯೇ ಆಗಬೇಕು ಎಂದು ಗ್ಯಾರೇಜಿನವನ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಯಲ್ಲಾಪುರಕ್ಕೆ ಕರೆದೊಯ್ದರು. ಅವರ ತೋಳು ರಕ್ತದಲ್ಲಿ ತೊಯ್ದಿತ್ತು. "ಕಾಕಾ, ನಿಮ್ಮ ಕೈ?" ಎಂದೆ. "ನಿಮ್ದರಿ ರಕ್ತ" ಎಂದರು. ಡಾಕ್ಟರು ಕೇಳಿದಾಗ ಅಂಗಿಯ ತೋಳು ಇಳಿಸಿ, "ನಂಗೇನಿಲ್ರಿ" ಎಂದರು. ನಾನು ಮತ್ತೆ ಕೇಳಲಿಲ್ಲ. ಕಲೆಗಳಿಂದಲೇ ತುಂಬಿದ ತೋಳಿನಲ್ಲಿ ಹನ್ನೆರಡನೆಯದನ್ನು ಯಾರು ಹುಡುಕುತ್ತಾರೆ?

ಒಟ್ಟು ಐದು ಸೂಜಿ. ಒಂದನ್ನೂ ತಪ್ಪಿಸುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಕಾಕಾ ವೇದವಾಕ್ಯ ಮಾಡಿಕೊಂಡರು. ಪ್ರತಿ ಸಲ ಬಸ್ ಸ್ಟಾಪಿನಲ್ಲಿ ನನಗಿಂತ ಮೊದಲು ಬಂದು ನಿಂತಿರುತ್ತಿದ್ದರು. ಕೋಲಸಿರ್ಸಿಯಿಂದ ನನ್ನ ಅಮ್ಮ, ಆಯಿ, ಫೋನು ಮಾಡಿ, "ಎಂತದೇ ಕೂಸೆ, ನಾಯಿ ಕೊಲ್ಲೋನ ಜೊತಿಗೆ ಬಸ್ಸಲ್ಲಿ ಓಡಾಡ್ತ್ಯಡ?" ಎಂದು ಕೇಳಿದಳು. "ಆನು ನೆಡೀತಾ ಇದ್ದಿ ಅಂದ್ರೆ ಅಂವ ಇದ್ದಿದ್ದಕ್ಕೇಯ ಆಯಿ" ಎಂದು ಫೋನಿಟ್ಟೆ.

ಬಸ್ಸಿನಲ್ಲಿ ನಾನು ಪುಸ್ತಕ ಓದಿ ಹೇಳುತ್ತಿದ್ದೆ. ಬಲಗೈ ಜೋಮು ಹಿಡಿದಂತಿದೆ, ಪುಟ ತಿರುಗಿಸಲು ಬೇಜಾರು ಎಂದಿದ್ದರು. ವಯಸ್ಸಾಯಿತು ಎಂದುಕೊಂಡೆ. ಮೊದಲು ಪಕ್ಕದ ಸೀಟಿನವರು ಕಿವಿಗೊಟ್ಟರು, ಆಮೇಲೆ ಇಡೀ ಬಸ್ಸು. "ಅಕ್ಕೋರ, ದನಿ ಏರಸ್ರಿ, ಹಿಂದ ಕೇಳವಲ್ದು" ಎಂದು ಕಂಡಕ್ಟರ್ ಕೂಗುತ್ತಿದ್ದ. ಯಲ್ಲಾಪುರ ಸ್ಟ್ಯಾಂಡಿನಲ್ಲಿ ಅಧ್ಯಾಯ ಮುಗಿಯುವವರೆಗೆ ಇಬ್ಬರು ಹೆಂಗಸರು ಇಳಿಯಲೇ ಇಲ್ಲ. ನಾಲ್ಕನೆಯ ಸೂಜಿಯ ದಿನ ಬರುವಾಗ ಕೊನೆಯ ಅಧ್ಯಾಯವೊಂದೇ ಉಳಿದಿತ್ತು. ಓದಲು ಹೊರಟೆ. ಕಾಕಾ ಪುಸ್ತಕದ ಮೇಲೆ ಕೈಯಿಟ್ಟು ತಡೆದರು.

"ಕಡೀ ಸೂಜಿ ದಿನ ಓದೂಣು. ಸೂಜೀನೂ ಮುಗೀತೈತಿ, ನಾಯಿ ನ್ಯಾಯಾನೂ ಮುಗೀತೈತಿ."

ಇಪ್ಪತ್ತೆಂಟನೆಯ ದಿನ ಬಸ್ ಸ್ಟಾಪಿನಲ್ಲಿ ಅವರಿರಲಿಲ್ಲ. ಮುನಿಸಿಕೊಂಡೇ ಒಬ್ಬಳೇ ಹೋಗಿ ಚುಚ್ಚಿಸಿಕೊಂಡು ಬಂದು, ಜಗಳಕ್ಕೆಂದೇ ಅವರ ಮನೆಗೆ ಹೋದೆ. ಹೊರಗಿನಿಂದ ಚಿಲಕ ಹಾಕಿದ ಕೋಣೆಯ ಮುಂದೆ ಅವರ ಹೆಂಡತಿ ದೊಣ್ಣೆ ಹಿಡಿದು ಕೂತಿದ್ದರು. ಒಳಗೆ ಏನೋ ಗೋಡೆಗೆ ಬಡಿಯುತ್ತಿತ್ತು.

"ಮುಂಜಾನೆ ರೊಟ್ಟಿ ಮುರದು ಬಾಯಾಗಿಟ್ಕೊಂಡ್ರವ್ವಾ, ನುಂಗಲಿಲ್ಲ. ನೀರು ತಾ ಅಂದ್ರು. ತಂಬಿಗಿ ಬಾಯಿ ಹತ್ರ ಒಯ್ದ್ರು, ಗಂಟಲ ಬಿಗೀತು. ಒಗದುಬಿಟ್ರು. ಆಮ್ಯಾಲ ತಾವ ಒಳಗ ಹೋಗಿ, ಚಿಲಕ ಹಾಕು, ನಾ ಬಾಗಲಾ ಮುರದು ಬಂದ್ರ ದೊಣ್ಣಿಲೆ ಹೊಡಿ, ಕೈ ನಡಗಸಬ್ಯಾಡ ಅಂದ್ರು."

ತಮ್ಮ ಪರೀಕ್ಷೆಯನ್ನು ತಮ್ಮ ಮೇಲೆಯೇ ಮಾಡಿಕೊಂಡಿದ್ದರು. ಈ ಸಲ ನೀರನ್ನು ಮರೆತಿರಲಿಲ್ಲ.

ಅಂದೇ ಆಂಬುಲೆನ್ಸ್ ಕರೆಸಿ ಅವರನ್ನು ಹುಬ್ಬಳ್ಳಿಗೆ ಒಯ್ದೆವು. ದೊಡ್ಡಾಸ್ಪತ್ರೆಯಲ್ಲಿ ಕಬ್ಬಿಣದ ಸರಳಿನ ಬಾಗಿಲಿನ ಒಂದು ಕೋಣೆ. ಮಂಚಕ್ಕೆ ಕೈಕಾಲು ಕಟ್ಟಿದ್ದರು. ಫ್ಯಾನಿನ ಗಾಳಿ ತಾಗಿದರೂ ಮೈ ಬಿಲ್ಲಿನ ಹಾಗೆ ಬಾಗಿ, ಗಂಟಲಿನಿಂದ ಮನುಷ್ಯರದಲ್ಲದ ದನಿ ಬರುತ್ತಿತ್ತು. ತಮ್ಮ ತುಟಿಯನ್ನು ತಾವೇ ಕಚ್ಚಿ ಹರಿದುಕೊಂಡಿದ್ದರು. ಬಲಗೈಯ ಮೇಲೆ ಬಟ್ಟೆ ಇರಲಿಲ್ಲ. ಹಳೆಯ ಕಲೆಗಳ ನಡುವೆ ಕೆಂಪಗೆ, ಆಳವಾಗಿ, ನಾಲ್ಕು ತೂತು. ಎದುರಿಗೇ ಇದ್ದವು. ಬಸ್ಸಿನಲ್ಲಿ ಮೂರು ಸಲ ನನ್ನ ಪಕ್ಕದಲ್ಲೇ ಇದ್ದವು.

ಸ್ವಲ್ಪ ಹೊತ್ತು ಮೈ ಸಡಿಲವಾಯಿತು. ನನ್ನನ್ನು ಗುರುತು ಹಿಡಿದರು. ನಾನು ಸರಳಿನ ಈಚೆ ನಿಂತು ಪುಸ್ತಕ ತೆರೆದೆ.

"ಓದಬ್ಯಾಡ್ರಿ. ಹೊತ್ತಿಲ್ಲ. ಹೇಳಿಬಿಡ್ರಿ. ಆ ನಾಯಿ ಕಚ್ಚಿತ್ತೇನು?"

ಈ ಕತೆಯ ಕೊನೆ ಹೇಳಲು ಹೊರಟವನ ಹಲ್ಲು ಉದುರಿಸಿದ ಮನುಷ್ಯ ಈಗ ತಾವಾಗಿಯೇ ಕೇಳುತ್ತಿದ್ದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಇಲ್ಲ ಕಾಕಾ. ಅದು ಕಚ್ಚಿರಲಿಲ್ಲ. ಯಜಮಾನನನ್ನು ಉಳಿಸಲು ಹೋಗಿ ಅದರ ಬಾಯಿಗೆ ರಕ್ತ ಹತ್ತಿತ್ತು."

ಹರಿದ ತುಟಿ ಅಗಲವಾಯಿತು. ನಕ್ಕರು! ಕಟ್ಟಿದ ಕೈಯ ಬೆರಳಿನಿಂದಲೇ ಮಂಚ ಕುಟ್ಟಿದರು. "ಅರವತ್ತನೇ ಪುಟಕ್ಕ ಹೇಳಿದ್ನಿಲ್ರಿ! ಹೇಳಿದ್ನೋ ಇಲ್ಲೋ!"

"ಹೇಳಿದ್ದಿರಿ ಕಾಕಾ."

ನಗು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಕಣ್ಣು ನನ್ನಿಂದ ಸರಿದು ಗೋಡೆಗೆ ಹೋಯಿತು.

"ಹಂಗಾರ ಆ ರೊಟ್ಟಿ ತಿಂದ ನಾಯಿಗೋಳು, ಅಕ್ಕೋರ?"

ನಾನು ಪುಸ್ತಕ ಮಡಚಿದೆ. ಅಷ್ಟರಲ್ಲಿ ಮತ್ತೆ ಮೈ ಬಿಗಿಯಿತು, ನರ್ಸ್ ನನ್ನನ್ನು ಹಿಂದಕ್ಕೆ ಎಳೆದಳು. ಮರುದಿನ ಮಧ್ಯಾಹ್ನದೊಳಗೆ ಕಾಕಾ ತೀರಿಕೊಂಡರು.

ಆ ಪುಸ್ತಕಕ್ಕೆ ಇವತ್ತಿಗೂ ಪಾಳಿಯಿದೆ. ಅರವತ್ತನೆಯ ಪುಟದಲ್ಲಿ ಅವರ ಬೆರಳಿನ ಮಸಿ ಗುರುತಿದೆ, ನಾನು ಅಳಿಸಿಲ್ಲ. ನನ್ನ ಕಾಲಿನ ಗಾಯ ಮೆಟ್ಟಿಲು ಹತ್ತುವಾಗ ಈಗಲೂ ಸೆಳೆಯುತ್ತದೆ. ಯಾರಿಗೇ ನಾಯಿ ಕಚ್ಚಿದ ಸುದ್ದಿ ಬಂದರೂ ಲೈಬ್ರರಿಗೆ ಬೀಗ ಹಾಕಿ ಹೋಗುತ್ತೇನೆ. ಬೇರು ಕುಡಿದಿದ್ದೇವೆ ಎನ್ನುವವರನ್ನು ರಟ್ಟೆ ಹಿಡಿದು ಯಲ್ಲಾಪುರದ ಬಸ್ಸು ಹತ್ತಿಸುತ್ತೇನೆ. ಸಿಟ್ಟು ಕಾಕಾನಿಂದಲೇ ಬಂದದ್ದು, ಜನ ಹೆದರುತ್ತಾರೆ. ಕಚ್ಚಿಸಿಕೊಂಡವರ ಜೊತೆ ಬಂದವರನ್ನೂ ಬಿಡುವುದಿಲ್ಲ. ನನಗೇನೂ ಆಗಿಲ್ಲ ಎನ್ನುವವರ ಅಂಗಿಯ ಎರಡೂ ತೋಳು ಮೇಲಕ್ಕೆ ಸರಿಸಿ, ಬೆಳಕಿಗೆ ಹಿಡಿದು, ನೋಡಿಯೇ ಕಳಿಸುತ್ತೇನೆ.