ಡೆಲಿಯಾಳ ಹೊಗೆಗೂಡು ತಣ್ಣಗಾದ ದಿನ

ನಮ್ಮ ಲೀಟ್ರಿಮ್ ಕಣಿವೆಯಲ್ಲಿ ಬೆಳಗಾದರೆ ಯಾರೂ ಮೊದಲು ಆಕಾಶ ನೋಡುವುದಿಲ್ಲ. ಅಲ್ಲಿ ನೋಡುವಂಥದ್ದು ಏನಿದೆ, ಅದೇ ಬೂದಿ ಬಣ್ಣ. ಕಣ್ಣು ಹೋಗುವುದು ಎದುರು ದಿಬ್ಬದ ಹೊಗೆಗೂಡಿಗೆ. ಮಂಜಿನ ಮೇಲೆ ಒಂದೆಳೆ ನೀಲಿ ಹೊಗೆ ಎದ್ದಿತೋ, ಆ ಮನೆಯವರು ಎದ್ದರೆಂದೇ ಲೆಕ್ಕ. ಏಳದಿದ್ದರೆ ಅವರಿಗೇನಾಯಿತೋ ಎಂದು ಕೋಟು ಹಾಕಿಕೊಂಡು ಹೊರಡಬೇಕು.

ಇಂಥ ಊರಿನಲ್ಲಿ ಫೆಲಿಮ್ ಗಿಲ್‌ಮಾರ್ಟಿನ್ ಮೂವತ್ತು ವರ್ಷದಿಂದ ಮನೆ ಬೆಚ್ಚಗಿಡುವ ಸೀಮೆಎಣ್ಣೆ ಬಾಯ್ಲರುಗಳಿಗೆ ಹೊಗೆಕೊಳವೆ ಕೂರಿಸುತ್ತ ಬಂದವನು. ಕೆಲಸಕ್ಕೆ ಬಂದರೆ ಮೊದಲು ಸಲಕರಣೆಯ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಅಂಗಳದಲ್ಲಿ ಸುಮ್ಮನೆ ನಿಂತು, ಕಣ್ಣು ಮುಚ್ಚಿ, ಗಾಳಿ ಯಾವ ಮೂಲೆಯಿಂದ ಬಂದು ಯಾವ ಗೋಡೆಗೆ ಹಾಯುತ್ತದೆಂದು ಕೆನ್ನೆಯಲ್ಲೇ ಅಳೆಯುತ್ತಿದ್ದ. ಮಕ್ಕಳು ನಿದ್ದೆ ಹೋಗಿದ್ದಾನೆಂದು ನಗುತ್ತಿದ್ದವು. ಹರೆಯದಲ್ಲಿ ಒಮ್ಮೆ ಅವಸರಪಟ್ಟು ಮಲಗುವ ಕೋಣೆಯ ಕಿಟಕಿಯ ಕೆಳಗೇ ಕೊಳವೆಯ ಬಾಯಿ ಇಟ್ಟಿದ್ದ. ಚಳಿಗಾಲವಿಡೀ ಆ ಮನೆಯವರಿಗೆ ತಲೆನೋವು. ಪಂಜರದ ಹಕ್ಕಿ ಸತ್ತು ಬಿದ್ದ ಮೇಲೆ ಕಾರಣ ತಿಳಿಯಿತು. ಆ ಹಕ್ಕಿಯನ್ನು ತಾನೇ ಹೂಳಿ ಬಂದವನು ಮತ್ತೆಂದೂ ಅವಸರ ಮಾಡಲಿಲ್ಲ.

ಡೆಲಿಯಾ ರೂನಿ ಅವನನ್ನು ಕರೆಸಿದ್ದು ಅಕ್ಟೋಬರಿನಲ್ಲಿ. ಜೌಗಿನಿಂದ ಕಡಿದು ಒಣಗಿಸಿದ, ಒಲೆಗೆ ಉರಿಸುವ ಮಣ್ಣುಹೆಂಟೆಗಳನ್ನು ಹೊತ್ತು ತರಲು ಅವಳ ಮಂಡಿ ಒಪ್ಪುತ್ತಿರಲಿಲ್ಲ. ಬಾಯ್ಲರ್ ಬಂದಿಳಿದಿತ್ತು. ಅವಳದೊಂದೇ ಹಟ.

"ಹೊಗೆ ಹಳೇ ಹೊಗೆಗೂಡಿನಿಂದ್ಲೇ ಹೋಗ್ಬೇಕು ಕಣೋ ಫೆಲಿಮ್. ಮೇಲಿಂದ. ಎದುರುಗಡೆಗೆ ಕಾಣೋ ಹಾಗೆ."

ಯಾರಿಗೆ ಕಾಣಬೇಕು ಎಂದು ಫೆಲಿಮ್ ಕೇಳಲಿಲ್ಲ. ಕಣಿವೆಗೆಲ್ಲ ಗೊತ್ತು. ಎದುರು ದಿಬ್ಬದಲ್ಲಿ ಅವಳ ತಂಗಿ ಆಗ್ನೆಸ್ ಇದ್ದಳು. ತಾಯಿ ಸತ್ತ ದಿನ, ಬಂದ ಜನಕ್ಕೆ ಡೆಲಿಯಾ ಕೊಟ್ಟ ಚಹಾ ನೀರಾಗಿತ್ತೆಂದು ಆಗ್ನೆಸ್ ನಾಲ್ಕು ಜನರೆದುರು ಅಂದುಬಿಟ್ಟಿದ್ದಳು. ಅಂದಿನಿಂದ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ. ಆದರೆ ಬೆಳಗಿನ ಮೊದಲ ಹೊಗೆ ಇಲ್ಲಿಂದೊಂದು, ಅಲ್ಲಿಂದೊಂದು ಏಳುತ್ತಿತ್ತು. ನಡುವೆ ಕೆರೆ, ಕೆರೆಯ ಮೇಲೆ ಮಂಜು, ಮಂಜಿನ ಮೇಲೆ ಆ ಎರಡು ಎಳೆಗಳು ಒಂದನ್ನೊಂದು ಹುಡುಕುವಂತೆ ಬಾಗುತ್ತಿದ್ದವು. ಅವರಿಬ್ಬರ ನಡುವೆ ಉಳಿದಿದ್ದ ಮಾತು ಅಷ್ಟೇ.

ಗೂಡು ಸೋರುತ್ತದೆಯೇ ಎಂದು ತಿಳಿಯಲು ಫೆಲಿಮ್ ಒಲೆಯಲ್ಲಿ ಹೊಗೆಯುಂಡೆ ಹಚ್ಚಿ, ಮಹಡಿಯ ಮಲಗುವ ಕೋಣೆಗೆ ಹತ್ತಿ ನೋಡಿದ. ಗೋಡೆಯ ಹೂವಿನ ಕಾಗದದ ಹಿಂದಿನಿಂದ, ಅವಳು ತಲೆ ಇಡುವ ಜಾಗದಲ್ಲೇ, ಹೊಗೆ ಮೆಲ್ಲಗೆ ಜಿನುಗುತ್ತಿತ್ತು. ಅವಳನ್ನು ಕರೆದು ತೋರಿಸಿದ.

"ಅಕ್ಕಾ, ಇದು ಬಿರುಕು ಬಿಟ್ಟ ಗೂಡು. ಇದಕ್ಕೆ ಬಾಯ್ಲರ್ ಸೇರಿಸಿದ್ರೆ ನೀನು ರಾತ್ರಿ ಮಲಗ್ತೀಯ, ಬೆಳಿಗ್ಗೆ ಏಳಲ್ಲ. ಒಲೆಯನ್ನೂ ಇನ್ನು ಹಚ್ಚಬೇಡ."

"ಇಷ್ಟು ವರ್ಷ ಸಾಯ್ಲಿಲ್ಲವಲ್ಲ!"

"ಬದುಕಿದ್ದೀಯ ಅಂತ ಅವಳಿಗೆ ತೋರಿಸೋಕೆ ಹೋಗಿ ಸಾಯ್ತೀಯಾ? ಸುಮ್ನೆ ಹೋಗಿ ಹೇಳಿ ಬಾ."

"ನಾನಾ? ಆ ಬಾಯಿಬಡುಕಿ ಮನೆಗೆ? ಈ ಬಾಯ್ಲರನ್ನ ಬೆನ್ನ ಮೇಲೆ ಹೊತ್ತು ಕೆರೆ ಈಜ್ತೀನಿ ಬೇಕಾದ್ರೆ!"

ಫೆಲಿಮ್ ಅಂಗಳಕ್ಕಿಳಿದ. ಗಾಳಿಗೆ ಕೆನ್ನೆ ಕೊಟ್ಟ, ಅಳೆದ. ಮುಂಗೋಡೆಯ ತುಂಬ ಕಿಟಕಿ, ಪಕ್ಕದ ಗೋಡೆಗೆ ಎಣ್ಣೆತೊಟ್ಟಿ. ಉಳಿದದ್ದು ಹಿತ್ತಿಲ ಗೋಡೆ ಒಂದೇ, ಕಣಿವೆಗೆ ಬೆನ್ನು ಹಾಕಿದ್ದು. ಅಲ್ಲೇ ತೂತು ಕೊರೆದ. ಒಳಗಿನ ಬೆವರು ನೀರು ಹಿಂದಕ್ಕೆ ಹರಿಯುವಂತೆ ಕೊಳವೆಯನ್ನು ಬಾಯ್ಲರಿನ ಕಡೆಗೆ ತುಸುವೇ ಇಳಿಜಾರು ಮಾಡಿದ. ಪ್ರತಿ ಸಂದಿಯ ಮೇಲೂ ಬೆರಳಾಡಿಸಿದ. ಕೊಳವೆಯ ಬಾಯಿಗೆ ತಂತಿಯ ಬುಟ್ಟಿ ತೊಡಿಸಿದ. ಸಂಜೆ ಬಾಯ್ಲರ್ ಹೊತ್ತಿಕೊಂಡಾಗ ಮನೆ ಮೆಲ್ಲಗೆ ಗುನುಗಿತು. ಡೆಲಿಯಾ ಮಾತ್ರ ಮುಖ ತಿರುಗಿಸಿಕೊಂಡೇ ಕೂತಿದ್ದಳು.

"ಊರಿನ ಪಾಲಿಗೆ ನನ್ನನ್ನ ಕೊಂದೆ ಕಣೋ ನೀನು."

ಮರುದಿನ ಬೆಳಿಗ್ಗೆ, ಉರಿ ಚೆನ್ನಾಗಿದೆಯೇ ಎಂದು ಅಳೆಯಲು ಫೆಲಿಮ್ ಹೊಗೆ ಅಳೆಯುವ ಯಂತ್ರ ಹಿಡಿದು ಮತ್ತೆ ಬಂದ. ತಗ್ಗಿನಲ್ಲಿ ಮಂಜು ದಪ್ಪ ಉಣ್ಣೆಯಂತೆ ಬಿದ್ದಿತ್ತು. ಅದರೊಳಗಿಂದ, ಕೆರೆದಂಡೆಯ ದಾರಿಯಲ್ಲಿ, ಒಂದು ಕಪ್ಪು ಆಕೃತಿ ನೆಲಕ್ಕೆ ಕಾಲೂರದಂತೆ ತೇಲಿಕೊಂಡು ಬಂತು. ಆಗ್ನೆಸ್. ಸಾವಿನ ಮನೆಗೆ ಹೋಗುವ ಕಪ್ಪು ಕೋಟು. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ದೊಡ್ಡ ತಟ್ಟೆ, ಬಟ್ಟೆ ಮುಚ್ಚಿದ್ದು. ಹೊಗೆ ಏಳದ್ದನ್ನು ನೋಡಿ ಅಕ್ಕ ಹೋದಳೆಂದೇ ತಿಳಿದಿದ್ದಳು. ಬರುವ ಜನಕ್ಕೆಂದು ಹಂದಿಮಾಂಸ ಇಟ್ಟ ಮೂವತ್ತು ಸ್ಯಾಂಡ್‌ವಿಚ್ ಮಾಡಿಕೊಂಡೇ ಹೊರಟಿದ್ದಳು. ಕೆನ್ನೆ ಒದ್ದೆಯಾಗಿತ್ತು, ಮಂಜಿನಿಂದಲೋ ಏನೋ.

ಬಾಗಿಲು ತೆರೆದವಳು ಡೆಲಿಯಾ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಳಗೆ ಬಾಯ್ಲರ್ ಗುನುಗುತ್ತಲೇ ಇತ್ತು.

"ನೀನು ಸತ್ತಿಲ್ವಾ?" ಅಂದಳು ಆಗ್ನೆಸ್.

"ಬೇಜಾರಾಯ್ತಾ?"

"ಮೂವತ್ತು ಮಾಡಿದ್ದೀನಲ್ಲೇ, ದರಿದ್ರದೋಳೆ! ಯಾರು ತಿನ್ನೋದು ಈಗ?" ಎನ್ನುತ್ತ ಆಗ್ನೆಸ್ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. ಡೆಲಿಯಾ ಕೈ ಚಾಚಿ ತಟ್ಟೆ ಹಿಡಿದಳು. ತಟ್ಟೆಯ ಜೊತೆಗೆ ತಂಗಿಯ ಕೈಯೂ ಬಂತು. ಬಿಡಲಿಲ್ಲ.

"ಒಳಗೆ ಬಾ. ಶಾಖ ಹೊರಗೆ ಹೋಗ್ತಾ ಇದೆ."

ಫೆಲಿಮ್ ಹಿತ್ತಿಲಿಗೆ ಸರಿದ. ಕೊಳವೆಯ ಬಾಯಿಂದ ಬಿಳಿಯ ಉಸಿರು ಹೊರಟು, ಯಾವ ಕಿಟಕಿಯ ಕಡೆಗೂ ತಿರುಗದೆ, ಗುಡ್ಡದ ಮಗ್ಗುಲಿಗೆ ಹೋಗಿ ಮಂಜಿನಲ್ಲಿ ಕರಗುತ್ತಿತ್ತು. ಒಳಗೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು, ಒಬ್ಬರದ್ದನ್ನೊಬ್ಬರು ಕೇಳಿಸಿಕೊಳ್ಳದೆ, ಹನ್ನೊಂದು ವರ್ಷದ್ದನ್ನು. ಅವನು ತನ್ನ ಯಂತ್ರದ ಅಂಕಿಗಳನ್ನು ಎರಡು ಸಲ ಬರೆದುಕೊಂಡ, ಕೆಲಸ ಮುಗಿದಿದ್ದರೂ.