ಒಮ್ಮೆ ಮಾತ್ರ ಅಭಿಪ್ರಾಯ ಹೇಳಿದ ಫ್ಲೋರಿನ್ ಬಾಯಿ

ಕತಾರಿನ ಹಡಗು ವ್ಯವಹಾರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಂದರಿನ ಕ್ರೇನುಗಳ ಎತ್ತರವನ್ನೂ ಬಂದುಹೋಗುವ ಕಂಟೈನರುಗಳ ರಾಶಿಯನ್ನೂ ವರ್ಣಿಸುತ್ತಾರೆ. ಒಂದು ಕಂಟೈನರು ಗೇಟು ದಾಟಬೇಕಾದರೆ ಅದಕ್ಕೂ ಮೊದಲು ಯಾರೋ ಒಬ್ಬರು ಮೇಜಿನ ಮುಂದೆ ಕುಳಿತು ಅದರ ಕಾಗದಪತ್ರಗಳನ್ನು ಸರಿಪಡಿಸಿರಬೇಕೆಂಬುದು ಅಂಥ ಬರಹಗಳಲ್ಲಿ ಕಾಣುವುದಿಲ್ಲ. ದೋಹಾದಲ್ಲಿ ಅಂಥ ಮೇಜುಗಳ ಮುಂದೆ ಕುಳಿತು ಕಣ್ಣು ಸವೆಸಿದವರ ಪೈಕಿ ಹಿರಿಯರಾದ ಕರಾವಳಿಯ ಶಿರ್ವದ ಶ್ರೀಮತಿ ಫ್ಲೋರಿನ್ ಕ್ರಾಸ್ತಾ, ಊರಿನ ಕ್ರೈಸ್ತರು ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವಂತೆ ಎಲ್ಲರಿಗೂ ‘ಫ್ಲೋರಿನ್ ಬಾಯಿ’, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಹಡಗು ಏಜೆನ್ಸಿಯೊಂದರ ದಾಖಲೆ ವಿಭಾಗದ ಮುಖ್ಯಸ್ಥೆಯಾಗಿ ಅವರನ್ನು ಬಲ್ಲವರು ಕೆಲವರಾದರೆ, ಬಿನ್ ಒಮ್ರಾನ್ ಬಡಾವಣೆಯ ಕನ್ನಡ ಚರ್ಚಾಕೂಟದ ಅಧ್ಯಕ್ಷೆಯಾಗಿ ಬಲ್ಲವರು ಇನ್ನೂ ಹೆಚ್ಚು. ಎರಡು ಕಡೆಯೂ ಅವರಿಗೆ ಹೆಸರು ತಂದದ್ದು ಒಂದೇ ಗುಣ: ತನಗೇನು ಬೇಕು ಎಂಬುದನ್ನು ಬದಿಗಿಟ್ಟು, ಎದುರಿಗೇನಿದೆ ಎಂಬುದನ್ನು ನೋಡುವುದು.

ತೊಂಬತ್ತರ ದಶಕದ ನಡುವಿನಲ್ಲಿ ದೋಹಾಕ್ಕೆ ಬಂದ ಅವರು ಮೊದಲ ಕೆಲವು ವರ್ಷ ದೋಹಾ ಅಲ್ ಜದೀದಾ ಎಂಬ ಬಡಾವಣೆಯ ದರ್ಜಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಮೂವರು ನರ್ಸುಗಳ ಜೊತೆ ಇದ್ದರು. ಏಜೆನ್ಸಿಗೆ ಟೈಪಿಸ್ಟಾಗಿ ಸೇರಿ, ಹಳೆಯ ಬಂದರು ಮುಚ್ಚಿ ಹಮದ್ ಬಂದರು ತೆರೆಯುವ ಹೊತ್ತಿಗೆ ವಿಭಾಗವನ್ನೇ ನಡೆಸುತ್ತಿದ್ದರು. ಹೊಸಬರು ಮಾಡಿದ ಮೊದಲ ತಪ್ಪನ್ನು ಮ್ಯಾನೇಜರರ ಮುಂದೆ ‘ನಮ್ಮ ತಪ್ಪು’ ಎಂದೇ ಹೇಳುವುದು ಅವರ ಪದ್ಧತಿ. ಎರಡನೆಯ ತಪ್ಪಿಗೆ ಆ ರಿಯಾಯಿತಿ ಇರಲಿಲ್ಲ. ಸಹೋದ್ಯೋಗಿ ಫಾಹಿಮಾ ಚೊಚ್ಚಲ ಬಸುರಿಯಾಗಿ ಊರಿಗೆ ಹೊರಟ ವರ್ಷ ಫ್ಲೋರಿನ್ ಬಾಯಿಯವರು ತಮ್ಮ ಕ್ರಿಸ್ಮಸ್ ರಜೆಯನ್ನು ಬಿಟ್ಟುಕೊಟ್ಟು, “ನನಗೆ ಶಿರ್ವದ ಚಳಿ ಆಗಿಬರುವುದಿಲ್ಲ” ಎಂದರು. ಶಿರ್ವದಲ್ಲಿ ಚಳಿಯೆಂಬುದೇ ಇಲ್ಲ ಎಂದು ಫಾಹಿಮಾರಿಗೆ ತಿಳಿದದ್ದು ಬಹಳ ಕಾಲದ ಮೇಲೆ.

ಚರ್ಚಾಕೂಟ ಸೇರುತ್ತಿದ್ದದ್ದು ಕಾರಿನ ಬಿಡಿಭಾಗಗಳ ಅಂಗಡಿ ನಡೆಸುವ ತಿರುಮಲೇಶ್ ಅವರ ಮನೆಯಲ್ಲಿ, ತಿಂಗಳಿಗೊಂದು ಶುಕ್ರವಾರ. ಅದಕ್ಕೆ ಎರಡು ಕಟ್ಟಳೆ ಇದ್ದವು. ಒಂದು, ವಿಷಯದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಿದೆಯೋ ಅವರು ಅದರ ವಿರುದ್ಧ ಪಕ್ಷದಲ್ಲಿ ನಿಂತು ಮಾತನಾಡಬೇಕು. ಇನ್ನೊಂದು, ಅಧ್ಯಕ್ಷರು ತಮ್ಮ ಅಭಿಪ್ರಾಯವನ್ನು ಕೂಟದಲ್ಲಾಗಲಿ ಹೊರಗಾಗಲಿ ಹೇಳಕೂಡದು. ಬಿಸಿರಕ್ತದವರು ಜಗಳಾಡದಿರಲಿ ಎಂದು ಮಾಡಿಕೊಂಡ ಏರ್ಪಾಡು. ಫ್ಲೋರಿನ್ ಬಾಯಿಯವರು ಅದನ್ನು ವ್ರತದಂತೆ ಪಾಲಿಸಿದರು.

ಎರಡು ಸಾವಿರದ ಹದಿನಾರರ ಜೂನಿನಲ್ಲಿ ಕೂಟದ ಮುಂದಿದ್ದ ಪ್ರಶ್ನೆ, ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಬೇಕೇ ಎಂಬುದು. ಉಳಿದವರಿಗೆ ಅದು ಪತ್ರಿಕೆಯ ಸುದ್ದಿ. ಒಂದು ಮನೆಗೆ ಮಾತ್ರ ಬದುಕಿನ ಪ್ರಶ್ನೆ. ಫ್ಲೋರಿನ್ ಬಾಯಿಯವರ ಕೈಕೆಳಗಿದ್ದ ಕಲ್ಯಾಣಪುರದ ನೊರ್ಬರ್ಟ್ ಅವರ ಪತ್ನಿ ಜೆಸಿಕಾ, ತಂದೆ ಪೋರ್ಚುಗೀಸರ ಆಳ್ವಿಕೆಯ ಗೋವಾದಲ್ಲಿ ಹುಟ್ಟಿದವರೆಂಬ ಹಕ್ಕಿನಿಂದ ಭಾರತದ ಪಾಸ್‌ಪೋರ್ಟನ್ನು ಮರಳಿಸಿ ಪೋರ್ಚುಗಲ್ಲಿನ ಪಾಸ್‌ಪೋರ್ಟು ಮಾಡಿಸಿಕೊಂಡಿದ್ದರು. ಬ್ರಿಟನ್ ಒಕ್ಕೂಟದೊಳಗೆ ಇರುವಷ್ಟು ಕಾಲ ಗಂಡನನ್ನೂ ಮಗಳನ್ನೂ ಕರೆದುಕೊಂಡು ಅಲ್ಲಿ ಹೋಗಿ ನೆಲೆಸಬಹುದಿತ್ತು. ಅಲ್ಲಿನ ಸ್ವಿಂಡನ್ ಪಟ್ಟಣದಲ್ಲಿ ಜೆಸಿಕಾರ ಅಣ್ಣನ ಮನೆಯಿತ್ತು. ಬ್ರಿಟನ್ ಒಳಗೇ ಉಳಿಯಲಿ ಎಂದು ನೊರ್ಬರ್ಟ್ ಹಂಬಲಿಸುತ್ತಿದ್ದರು. ಕಟ್ಟಳೆಯ ಪ್ರಕಾರ ಬಿಡಬೇಕು ಎಂಬ ಪಕ್ಷ ಅವರ ಪಾಲಿಗೆ ಬಂತು.

ನೊರ್ಬರ್ಟ್ ಅಂದು ಮಾತನಾಡಿದಂತೆ ಹಿಂದೆಂದೂ ಮಾತನಾಡಿರಲಿಲ್ಲ. “ನನ್ನ ಮನೆಯ ಹಂಚು ಬದಲಿಸಲಿಕ್ಕೆ ಇಪ್ಪತ್ತೇಳು ಮನೆಯವರ ಒಪ್ಪಿಗೆ ಬೇಕಂತೆ. ಸಾಲದ್ದಕ್ಕೆ ವರ್ಷ ವರ್ಷ ವಂತಿಗೆ ಬೇರೆ. ಮಳೆ ಬಂದಾಗ ಸೋರುವುದು ಮಾತ್ರ ನನ್ನ ತಲೆಗೆ” ಎಂದು ಶುರುಮಾಡಿ ಮೀನುಗಾರರ ಕಷ್ಟ, ದೂರದ ಊರಿನಲ್ಲಿ ಆಗುವ ಕಾನೂನು, ತುಂಬಿದ ಆಸ್ಪತ್ರೆ ಎಲ್ಲವನ್ನೂ ಪೋಣಿಸಿದರು. ಒಟ್ಟಿಗಿದ್ದರೆ ಸುಂಕವಿಲ್ಲದ ವ್ಯಾಪಾರ, ಜಗಳವಿಲ್ಲದ ಗಡಿ ಎಂದು ವಾದಿಸಿದ ಎದುರು ಪಕ್ಷಕ್ಕೆ ಬೆರಳೆಣಿಕೆಯ ಮತಗಳು ಬಿದ್ದವು. ಚಪ್ಪಾಳೆಯ ನಡುವೆ ಜೆಸಿಕಾ, “ಮನೆಯಲ್ಲಿ ಉಪ್ಪು ಕೇಳಲಿಕ್ಕೂ ಬಾಯಿ ಬರುವುದಿಲ್ಲ, ಇಲ್ಲಿ ನೋಡಿ” ಎಂದರು. ಎಲ್ಲರೂ ನಕ್ಕರು. ಫ್ಲೋರಿನ್ ಬಾಯಿಯವರು ನಗಲಿಲ್ಲ. ಗೆದ್ದವನ ಮುಖದಲ್ಲಿ ಆಟ ಮುಗಿದ ಸಡಿಲ ಕಾಣಲಿಲ್ಲವೆಂದು ಅವರಿಗೆ ಅನ್ನಿಸಿತ್ತು.

ಮುಂದಿನ ವಾರ ಬ್ರಿಟನಿನ ಜನರೂ ಹಾಗೆಯೇ ಮತ ಹಾಕಿದರು. “ಪೊರ್ಬುಗಳೇ, ಅವರು ನಿಮ್ಮ ಭಾಷಣ ಕೇಳಿಸಿಕೊಂಡರಾ ಎಂತ?” ಎಂದು ತಿರುಮಲೇಶ್ ನೊರ್ಬರ್ಟ್‌ಗೆ ಫೋನು ಮಾಡಿ, ಊರಿನ ಕಡೆ ಕ್ರೈಸ್ತರನ್ನು ಕರೆಯುವ ಹೆಸರಿನಿಂದಲೇ ಕರೆದು ಕಿಚಾಯಿಸಿದರು. ತಮಾಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾಲು ಸಾಲು ಚಪ್ಪಾಳೆ ಗಿಟ್ಟಿಸಿದ ಮಾತನ್ನು ನೊರ್ಬರ್ಟ್ ಕೂಟದ ಮನೆಯಲ್ಲೇ ಬಿಟ್ಟುಬರಲಿಲ್ಲ. ಕಚೇರಿಯಲ್ಲಿ ಹೇಳಿದರು, ಇಗರ್ಜಿಯ ಅಂಗಳದಲ್ಲಿ ಹೇಳಿದರು. ಹೇಳುತ್ತ ಹೇಳುತ್ತ ನಂಬಿದರು. ಒಕ್ಕೂಟವೇ ಮುಳುಗುವ ದೋಣಿ, ಬ್ರಿಟನಿಗೆ ಪರದೇಶಿಗಳು ಬೇಡ, ಅಲ್ಲಿ ಹೋಗಿ ಮಾಡುವುದೇನು ಎಂದು ಪ್ರಯಾಣವನ್ನು ಮುಂದೂಡಿದರು.

ಮರುವರ್ಷ ನೆರೆಯ ದೇಶಗಳು ಜಗಳ ತೆಗೆದು ಕತಾರಿನ ದಾರಿಯನ್ನೇ ಮುಚ್ಚಿದವು. ದುಬೈ ಮೂಲಕ ಬರುತ್ತಿದ್ದ ಸರಕು ಒಮಾನನ್ನು ಸುತ್ತಿ ಬರತೊಡಗಿತು. ಒಂದೇ ಸರಕಿನ ಕಾಗದಗಳನ್ನು ಮತ್ತೆ ಮತ್ತೆ ಮಾಡಿ ಫ್ಲೋರಿನ್ ಬಾಯಿಯವರ ವಿಭಾಗ ಬಳಲಿತು. ನೊರ್ಬರ್ಟ್‌ಗೆ ಅದೂ ಸಾಕ್ಷಿಯಾಯಿತು. “ನೋಡಿ, ಒಂಟಿಯಾಗಿಯೂ ದೇಶ ನಿಲ್ಲುತ್ತದೆ” ಎಂದರು. “ನಿಂತಿತು. ಹಾಲು ಟರ್ಕಿಯಿಂದ ಬಂತು, ದನಗಳು ವಿಮಾನದಲ್ಲಿ ಬಂದವು. ನಮಗೆ ಯಾರು ದನ ಕಳಿಸ್ತಾರೆ?” ಎಂದು ಜೆಸಿಕಾ ಕೇಳಿದರು. ಅತ್ತ ಬ್ರಿಟನ್ ಹೇಗೆ ಹೊರಬರುವುದೆಂದು ತಿಳಿಯದೆ ವರ್ಷಗಟ್ಟಲೆ ತಡಕಾಡುತ್ತಿತ್ತು. ಆ ಸುದ್ದಿ ಕೇಳಿ ಕೇಳಿ ಕೂಟಕ್ಕೇ ಬೇಸರ ಹಿಡಿಯಿತು. ಆ ವಿಷಯವನ್ನು ಮತ್ತೆ ಎತ್ತಬಾರದೆಂದು ಠರಾವಾಯಿತು.

ಎರಡು ಸಾವಿರದ ಇಪ್ಪತ್ತರಲ್ಲಿ ಬ್ರಿಟನ್ ಹೊರಬಂತು. ಒಕ್ಕೂಟದ ಪಾಸ್‌ಪೋರ್ಟು ಇದ್ದವರು ಹಳೆಯ ಹಕ್ಕಿನಲ್ಲಿ ಅಲ್ಲಿ ನೆಲೆಸಲು ಆ ವರ್ಷದ ಕೊನೆಯೇ ಗಡುವು. ಅದೇ ವರ್ಷ ಕೊರೊನಾದ ಹೊಡೆತಕ್ಕೆ ಏಜೆನ್ಸಿ ಜನರನ್ನು ಕಳಿಸಿತು. ದಾಖಲೆ ವಿಭಾಗದಲ್ಲಿ ಉಳಿದವರು ಇಬ್ಬರೇ, ಫ್ಲೋರಿನ್ ಬಾಯಿ ಮತ್ತು ನೊರ್ಬರ್ಟ್. ನೊರ್ಬರ್ಟ್‌ಗೆ ಕೆಲಸ ಒಪ್ಪಿಸಿ ಬರುವ ವರ್ಷವೇ ಊರಿಗೆ ಹೋಗುವುದೆಂದು ಬಾಯಿಯವರು ಮ್ಯಾನೇಜರರಿಗೆ ಹೇಳಿಯಾಗಿತ್ತು. ಮಂಡಿನೋವು ಬಲಿತಿತ್ತು, ಎದ್ದು ನಿಲ್ಲುವಾಗ ಮೇಜನ್ನು ಹಿಡಿದುಕೊಳ್ಳುತ್ತಿದ್ದರು.

ಬಕ್ರೀದ್ ರಜೆ ಮುಗಿದ ವಾರ ಗಂಡ ಹೆಂಡತಿ ಅವರ ಮನೆಗೆ ಬಂದರು. ಗಂಡನದು ಹಳೆಯ ಭಾಷಣವೇ. ಜೆಸಿಕಾ ಸ್ವರ ಏರಿಸಲಿಲ್ಲ.

“ಊರಿನ ಪಾಸ್‌ಪೋರ್ಟು ಕೊಟ್ಟಾಯಿತು ಬಾಯಿ. ಡಿಸೆಂಬರು ದಾಟಿದರೆ ಇದೂ ಷೋಕೇಸಿಗೆ. ನಾಳೆ ಇವರ ಕೆಲಸ ಖಲಾಸ್ ಆದರೆ ಮಗಳನ್ನು ಎಲ್ಲಿ ಓದಿಸುವುದು? ನೀವೇ ಹೇಳಿ.”

“ಅಧ್ಯಕ್ಷರು ಅಭಿಪ್ರಾಯ ಹೇಳುವ ಹಾಗಿಲ್ಲ” ಎಂದು ನೊರ್ಬರ್ಟ್ ನಕ್ಕರು.

ನೊರ್ಬರ್ಟ್ ಉಳಿದರೆ ತಾವು ಬಿಡುಗಡೆ ಹೊಂದುತ್ತೇವೆ, ಹೋದರೆ ಏಜೆನ್ಸಿ ಆ ಜಾಗಕ್ಕೆ ಸದ್ಯಕ್ಕೆ ಯಾರನ್ನೂ ತರುವುದಿಲ್ಲ ಎಂಬುದನ್ನು ಬಾಯಿಯವರಿಗೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ಮೌನವಾಗಿದ್ದರೆ ಸಾಕಿತ್ತು, ಕಟ್ಟಳೆಯೂ ಉಳಿಯುತ್ತಿತ್ತು, ತಮಗೂ ಅನುಕೂಲವಾಗುತ್ತಿತ್ತು. ಈ ಎರಡೂ ಒಂದೇ ಕಡೆ ಸೇರಿದ್ದೇ ಅವರಿಗೆ ಸರಿಬರಲಿಲ್ಲವೆಂದು ಆಮೇಲೆ ಫಾಹಿಮಾರ ಬಳಿ ಹೇಳಿದ್ದುಂಟು.

“ಹೋಗಿ” ಎಂದರು. “ಬ್ರಿಟನ್ ಬಿಟ್ಟದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ ನೊರ್ಬರ್ಟ್. ದೇಶ ತಪ್ಪು ಮಾಡಿದರೆ ತಿದ್ದಿಕೊಳ್ಳಲಿಕ್ಕೆ ಅದಕ್ಕೆ ಐವತ್ತು ವರ್ಷ ಉಂಟು. ನಿಮಗೆ ಡಿಸೆಂಬರ್ ತನಕ ಮಾತ್ರ. ನಿಮ್ಮ ಭಾಷಣ ಬಹಳ ಲಾಯಕ್ಕಿತ್ತು. ಆದರೆ ಅದು ನಾವು ಕೊಟ್ಟ ಪಕ್ಷ, ನಿಮ್ಮದಲ್ಲ. ನಿಮಗೆ ಹೆದರಿಕೆ ಇದ್ದರೆ ಹೆದರಿಕೆ ಅಂತ ಹೇಳಿ.”

ನೊರ್ಬರ್ಟ್, “ಇಲ್ಲಿ ನಾನು ಕುರ್ಚಿಯಲ್ಲಿ ಕೂತವ ಬಾಯಿ. ಅಲ್ಲಿ ಈ ಪ್ರಾಯದಲ್ಲಿ ಪೆಟ್ಟಿಗೆ ಹೊರಬೇಕು” ಎಂದರು.

“ಹೊರಬೇಕಾದೀತು” ಎಂದರು ಬಾಯಿ. ಸಮಾಧಾನದ ಮಾತು ಸೇರಿಸಲಿಲ್ಲ.

ನವೆಂಬರಿನಲ್ಲಿ ಆ ಕುಟುಂಬ ಹೊರಟಿತು. ಮರುತಿಂಗಳ ಕೂಟದಲ್ಲಿ ಬಾಯಿಯವರು, ತಾವು ಕಟ್ಟಳೆ ಮುರಿದದ್ದಾಗಿ ತಿಳಿಸಿ ಅಧ್ಯಕ್ಷ ಸ್ಥಾನ ಬಿಟ್ಟರು. ಬೇಡವೆಂದು ಹೇಳಿದವರಿಗೆ, “ಸುಸ್ತಾಗಿದೆ ಮಾರಾಯ್ರೆ” ಎಂದರಷ್ಟೆ. ಕಚೇರಿಯನ್ನು ಮಾತ್ರ ಬಿಡಲಾಗಲಿಲ್ಲ. ಬ್ರಿಟನಿನ ಸರಕಿಗೂ ಒಕ್ಕೂಟದ ಸರಕಿಗೂ ಬೇರೆ ಬೇರೆ ಕಾಗದ ಮಾಡಬೇಕಾಗಿ ಬಂದ ಕಾಲದಲ್ಲಿ, ಇಬ್ಬರ ಕೆಲಸವನ್ನು ಒಬ್ಬರೇ ಎಳೆದರು. ಊರಿಗೆ ಹೋಗುವ ಮಾತು ವರ್ಷದಿಂದ ವರ್ಷಕ್ಕೆ ಸರಿಯುತ್ತ ಬಂದು ಈಗ ಕೈಗೂಡಿದೆ.

ಬಾಯಿಯವರ ಬೀಳ್ಕೊಡುಗೆಯ ಈ ಸಂಪುಟಕ್ಕೆ ಲೇಖನ ಕೊಡಿರೆಂದು ಸಂಪಾದಕರು ಸ್ವಿಂಡನಿಗೆ ಫೋನು ಮಾಡಿದಾಗ ನೊರ್ಬರ್ಟ್ ಗೋದಾಮಿನ ಪಾಳಿ ಮುಗಿಸಿ ಬಂದಿದ್ದರಂತೆ. “ಬರೆಯಲಿಕ್ಕೆ ನನಗೆ ತ್ರಾಣ ಇಲ್ಲ. ಬಾಯಿ ಹೋಗಿ ಅಂದರು, ಬಂದೆವು. ಬೆನ್ನು ನೋಯುತ್ತದೆ, ಎರಡು ವರ್ಷ ಅವರ ಮೇಲೆ ಸಿಟ್ಟಿತ್ತು. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಸುಳ್ಳು ಸೇರಿಸದೆ ಇಷ್ಟು ಹಾಕಿಬಿಡಿ” ಎಂದರು. ಅವರ ಮಾತನ್ನು ಇಲ್ಲಿ ಹಾಗೆಯೇ ಹಾಕಿದೆ.

ಇದನ್ನು ಓದಿ ಕೇಳಿಸಿದಾಗ ಫ್ಲೋರಿನ್ ಬಾಯಿಯವರು, ಸಿಟ್ಟು ಹೋಗಿದೆಯೋ ಇಲ್ಲವೋ ಎಂದು ಮಾತ್ರ ಕೇಳಿದರು. ಹೋಗಿದೆಯೆಂದು ತಿಳಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಮೊದಲು ವಿಶ್ರಾಂತಿ ಸಿಗಲಿ. ಶಿರ್ವದ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುವ ಅವರ ಯೋಜನೆ ಬೇಕಾದರೆ ಒಂದು ವರ್ಷ ಕಾಯಲಿ. ಮಂಡಿಯ ನೋವು ಇಳಿದು, ಆಯುಸ್ಸು ದೀರ್ಘವಾಗಿ, ಯಾರ ಪಕ್ಷವನ್ನೂ ವಹಿಸಬೇಕಾದ ಹಂಗಿಲ್ಲದ ದಿನಗಳು ಅವರಿಗೆ ಬರಲಿ. ಆದರೂ ಯಾರಾದರೂ ಮನೆಗೆ ಬಂದು ನೀವೇ ಹೇಳಿ ಎಂದರೆ, ಅವರು ಹೇಳದೆ ಬಿಡದಿರಲಿ.